ಹಳೆಯದೆಲ್ಲ ‘ಔಟ್‌ಡೇಟೆಡ್’ ಅಲ್ಲ

ಕೋಟೆಯೂ ಹಳೆಯದು, ಕೊಡೆಯೂ ಹಳೆಯದು, ಗೆಳೆಯನೂ ಹಳಬ. ಇಂಗ್ಲಿಷಿನ ‘ಓಲ್ಡ್’ ಪದವೂ ಈ ಮೂರಕ್ಕೂ ಸಲ್ಲುತ್ತದೆ. ಆದರೆ ಇನ್ನಷ್ಟು ಖಚಿತವಾದ ಪದ ಹುಡುಕಲು ಹೊರಟಾಗ ವಿದ್ಯಾರ್ಥಿಗಳು ಎಡವುವುದುಂಟು. ಏಕೆಂದರೆ ಇಂಗ್ಲಿಷಿನಲ್ಲಿ ಹಳತು ಹೊಸತನ್ನು ಹೇಳುವ ಪದಗಳಲ್ಲಿ ಕೆಲವು ಹೊಗಳುತ್ತವೆ, ಕೆಲವು ತೆಗಳುತ್ತವೆ, ಕೆಲವು ಕಾಲವನ್ನಷ್ಟೇ ತಿಳಿಸುತ್ತವೆ.

‘ಏನ್ಷಂಟ್’ ಎಂದರೆ ಪ್ರಾಚೀನ. ಹರಪ್ಪ ಏನ್ಷಂಟ್ ನಗರ. ‘ಆಂಟೀಕ್’ ಎಂದರೆ ಹಳೆಯದಾದ ಕಾರಣಕ್ಕೇ ಬೆಲೆ ಬಂದ ವಸ್ತು. ಪುರಾತನ ವಸ್ತುಗಳ ಕುರಿತ ಭಾರತದ 1972ರ ಕಾಯಿದೆಯಂತೆ ನಾಣ್ಯ, ಶಿಲ್ಪ, ಚಿತ್ರಗಳಿಗೆ ಕನಿಷ್ಠ 100 ವರ್ಷ ಆಗಿರಬೇಕು. ಮಹತ್ವದ ಹಸ್ತಪ್ರತಿಗೆ 75 ವರ್ಷ ಸಾಕು. ‘ವಿಂಟೇಜ್’ ಮೂಲತಃ ದ್ರಾಕ್ಷಿ ಕೊಯ್ಲಿಗೆ ಸಂಬಂಧಿಸಿದ ಪದ. ಈಗ ಅದು ಹಿಂದಿನ ಕಾಲದ ಉತ್ತಮ ಮಾದರಿಗೆ ಸಲ್ಲುವ ಮೆಚ್ಚುಗೆಯ ಮಾತು.

‘ಓಲ್ಡ್-ಫ್ಯಾಷನ್ಡ್’ ಎಂದರೆ ಹಳೆಯ ರೀತಿಯ. ಅದು ಮೆಚ್ಚುಗೆಯೋ ಮೂದಲಿಕೆಯೋ ಎಂಬುದು ಹೇಳುವವರ ದನಿಯಲ್ಲಿದೆ. ‘ಔಟ್‌ಡೇಟೆಡ್’ ಹಾಗಲ್ಲ, ಇಂದಿನ ಕಾಲಕ್ಕೆ ಹೊಂದದು ಎಂಬ ತೀರ್ಪು ಅದರಲ್ಲಿದೆ. ‘ಆಬ್ಸಲೀಟ್’ ಎಂದರೆ ಬಳಕೆಯಿಂದಲೇ ಬಿದ್ದುಹೋದದ್ದು. 2013ರ ಜುಲೈನಲ್ಲಿ ಭಾರತದಲ್ಲಿ ನಿಂತುಹೋದ ತಂತಿ ಸೇವೆ ಇದಕ್ಕೆ ಉದಾಹರಣೆ. ಪ್ರಬಂಧದಲ್ಲಿ ಅಜ್ಜಿಯನ್ನು ‘ಓಲ್ಡ್-ಫ್ಯಾಷನ್ಡ್’ ಎಂದರೆ ಪ್ರೀತಿಯೂ ಇರಬಹುದು. ‘ಔಟ್‌ಡೇಟೆಡ್’ ಎಂದರೆ ಹೋದ ವರ್ಷದ ಕ್ಯಾಲೆಂಡರಿನಂತೆ ಆಕೆಯನ್ನು ಗೋಡೆಯಿಂದ ಇಳಿಸಿದಂತೆ!

ಹೊಸತನ್ನು ಹೇಳುವ ಪದಗಳಲ್ಲೂ ಇದೇ ತೊಡಕು. ‘ಮಾಡರ್ನ್’ ಪದದ ಬೇರು ‘ಈಗಷ್ಟೇ’ ಎಂಬರ್ಥದ ಲ್ಯಾಟಿನ್ ಪದ. ಆದರೂ ಯೂರೋಪಿನ ಚರಿತ್ರೆಯ ‘ಮಾಡರ್ನ್’ ಯುಗ ಸುಮಾರು 1500ರಿಂದಲೇ ಆರಂಭ. ‘ಕಂಟೆಂಪರರಿ’ ಎಂದರೆ ಇಂದಿನದು ಎಂದೂ ಆಗುತ್ತದೆ, ಒಂದೇ ಕಾಲದವರು ಎಂದೂ ಆಗುತ್ತದೆ. ಹತ್ತನೆಯ ಶತಮಾನದ ಪಂಪ, ಪೊನ್ನರು ‘ಕಂಟೆಂಪರರಿ’ಗಳು. ‘ಸ್ಟೇಟ್ ಆಫ್ ದಿ ಆರ್ಟ್’ ಎಂಬಲ್ಲಿ ಚಿತ್ರಕಲೆಯ ಮಾತಿಲ್ಲ. ತಂತ್ರಜ್ಞಾನ ಈವರೆಗೆ ಮುಟ್ಟಿರುವ ಮಟ್ಟ ಎಂದರ್ಥ. ಹೊಸತನ್ನು ಗೇಲಿ ಮಾಡುವ ‘ನ್ಯೂಫ್ಯಾಂಗಲ್ಡ್’ ಎಂಬ ಪದಕ್ಕಂತೂ ಐನೂರು ವರ್ಷ ದಾಟಿದೆ!

ವಿಜ್ಞಾನದ ಪಾಠದಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ವಸ್ತು ಉರಿಯುವಾಗ ‘ಫ್ಲೋಜಿಸ್ಟನ್’ ಹೊರಹೋಗುತ್ತದೆಂಬ ಹದಿನೆಂಟನೆಯ ಶತಮಾನದ ವಾದವನ್ನು ಲವಾಸಿಯೆಯ ಪ್ರಯೋಗಗಳು ಬದಿಗೆ ಸರಿಸಿದವು. ಅದು ‘ಆಬ್ಸಲೀಟ್’. ನ್ಯೂಟನ್ 1687ರಲ್ಲಿ ಪ್ರಕಟಿಸಿದ ಚಲನೆಯ ನಿಯಮಗಳೋ, ಇಂದಿಗೂ ಉಪಗ್ರಹಗಳ ಪಥದ ಲೆಕ್ಕಾಚಾರಕ್ಕೆ ಆಧಾರ. ಅವು ‘ಓಲ್ಡ್’, ಆದರೆ ‘ಔಟ್‌ಡೇಟೆಡ್’ ಅಲ್ಲ.

ಆದ್ದರಿಂದ ಪದ ಆರಿಸುವ ಮುನ್ನ ಮಕ್ಕಳು ಮೂರು ಪ್ರಶ್ನೆ ಕೇಳಿಕೊಳ್ಳಲಿ: ಇದು ಎಷ್ಟು ಹಳೆಯದು? ಇನ್ನೂ ಬಳಕೆಯಲ್ಲಿದೆಯೆ? ಹೇಳಬೇಕಾದದ್ದು ಗೌರವವೋ, ತಾತ್ಸಾರವೋ? ಮನೆಯಲ್ಲಿರುವ ಹಳೆಯ ವಸ್ತುಗಳನ್ನೇ ತೋರಿಸಿ ತಂದೆತಾಯಿಗಳೂ ಈ ಅಭ್ಯಾಸ ಮಾಡಿಸಬಹುದು. ಇಂಗ್ಲಿಷಿನ ಜೊತೆಗೆ, ಹಳೆಯದನ್ನು ತೂಗಿ ನೋಡುವ ವಿವೇಕವೂ ಬಂದೀತು.