ಮಳೆ ಕೊಯ್ನಾದಲ್ಲಿ, ಹೊಳೆ ಚಿಕ್ಕೋಡಿಯಲ್ಲಿ

ಚಿಕ್ಕೋಡಿಯಲ್ಲಿ ಬರೀ ಜಿಟಿಜಿಟಿ ಮಳೆ. ಆದ್ರೂ ಸೇತುವೆ ಮುಳುಗುತ್ತೆ. ಹೇಗೆ?

ಕೃಷ್ಣೆ ಹುಟ್ಟೋದು ಮಹಾಬಳೇಶ್ವರದಲ್ಲಿ. ಆ ಘಟ್ಟದಲ್ಲಿ, ಕೊಯ್ನಾ ಕಣಿವೆಯಲ್ಲಿ ಮಳೆ ಸುರಿದ್ರೆ ನೀರು ಸಾಂಗ್ಲಿ ದಾಟಿ ಬೆಳಗಾವಿ ಜಿಲ್ಲೆಗೆ ನುಗ್ಗುತ್ತೆ. ಕಲ್ಲೋಳದ ಹತ್ತಿರ ದೂಧಗಂಗೆಯೂ ಕೂಡಿಕೊಳ್ಳುತ್ತೆ. ಮುಂದೆ ಹಿಪ್ಪರಗಿ ಬ್ಯಾರೇಜ್, ಆಮೇಲೆ ಆಲಮಟ್ಟಿ ಅಣೆಕಟ್ಟು.

2019ರ ಆಗಸ್ಟ್. ಸಾಂಗ್ಲಿ, ಕೊಲ್ಲಾಪುರ, ಬೆಳಗಾವಿ, ಬಾಗಲಕೋಟೆ, ಎಲ್ಲಾ ಕಡೆ ಪ್ರವಾಹ. ಆಲಮಟ್ಟಿಯಿಂದ ನೀರು ಬಿಡಿ ಅಂತಾರೆ ಮೇಲಿನವರು. ಬಿಟ್ರೆ ನಮ್ಮ ಗತಿ ಏನು ಅಂತಾರೆ ಕೆಳಗಿನ ಯಾದಗಿರಿ, ರಾಯಚೂರಿನವರು. ಇಬ್ಬರ ಭಯವೂ ನಿಜವೇ. ಅದಕ್ಕೇ ಯಾವ ಅಣೆಕಟ್ಟಿಂದ ಎಷ್ಟು ಕ್ಯುಸೆಕ್, ಎಷ್ಟು ಹೊತ್ತಿಗೆ ಅನ್ನೋ ಲೆಕ್ಕ ಮಹಾರಾಷ್ಟ್ರ, ಕರ್ನಾಟಕ ಎರಡೂ ರಾಜ್ಯದ ಅಧಿಕಾರಿಗಳ ಫೋನಿನಲ್ಲಿ ಗೇಟು ಎತ್ತೋ ಮೊದಲೇ ಇರಬೇಕು.

ಆಮೇಲಿನ ಕೆಲಸ ಜಿಲ್ಲೆಯದು. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಪ್ರಾಧಿಕಾರ. ಡಿಸಿ ಅಧ್ಯಕ್ಷರು, ಸ್ಥಳೀಯ ಸಂಸ್ಥೆಯ ಚುನಾಯಿತ ಪ್ರತಿನಿಧಿ ಸಹ ಅಧ್ಯಕ್ಷರು. ಆದ್ರೆ ನಮ್ಮಲ್ಲಿ 2021ರಲ್ಲಿ ಜಿಲ್ಲಾ ಪಂಚಾಯಿತಿಗಳ ಅವಧಿ ಮುಗೀತು, ಚುನಾವಣೆ ವರ್ಷಗಟ್ಟಲೆ ನಡೀಲೇ ಇಲ್ಲ. ಆ ಸಹ ಅಧ್ಯಕ್ಷರ ಕುರ್ಚೀಲಿ ಯಾರು? ಕೇಳಬೇಕಾದ ಪ್ರಶ್ನೆ.

ಡಿಸಿಯಿಂದ ತಹಶೀಲ್ದಾರ್, ಅವರಿಂದ ಪಿಡಿಒ, ಅಲ್ಲಿಂದ ಊರಲ್ಲಿ ಡಂಗುರ. ಶಾಲೆಯಲ್ಲಿ ಕಾಳಜಿ ಕೇಂದ್ರ ತೆರೆದ್ರೂ ಜನ ಬರಲ್ಲ ಅಂದ್ರೆ ಕಾರಣ ಬಹಳ ಸಲ ಎಮ್ಮೆ! ದನಕ್ಕೆ ಜಾಗ, ಮೇವು ಇಲ್ಲದೆ ರೈತ ಮನೆ ಬಿಡಲ್ಲ. ಇದು ಬೆಂಗಳೂರಿಗಿಂತ ಮೊದಲು ಪಂಚಾಯಿತಿಗೆ ಗೊತ್ತು.

ನಿಮ್ಮೂರು ನದಿ ದಂಡೆಯಲ್ಲಿದ್ಯಾ? ಜಿಲ್ಲಾ ಕಂಟ್ರೋಲ್ ರೂಮ್ ನಂಬರ್ 1077. ಈಗಲೇ ಸೇವ್ ಮಾಡ್ಕೊಳ್ಳಿ.