ಬಲ್ಮಠದ ಕಲ್ಲಚ್ಚು, ಬಳ್ಳಾರಿಯ ಅಚ್ಚುಮೊಳೆ

ಜುಲೈ 1 ಬಂತೆಂದರೆ ಕರ್ನಾಟಕದ ಊರೂರಲ್ಲಿ ಪತ್ರಿಕಾ ದಿನಾಚರಣೆ. 1843ರ ಅದೇ ದಿನ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆ ಹೊರಬಿತ್ತು. ಹೊರತಂದವರು ಬಾಸೆಲ್ ಮಿಶನ್ನಿನ ಹೆರ್ಮನ್ ಮೊಗ್ಲಿಂಗ್. ಇಷ್ಟು ಎಲ್ಲ ಭಾಷಣಗಳಲ್ಲೂ ಬರುತ್ತದೆ. ಹೇಳದೆ ಉಳಿಯುವ ಸಂಗತಿ ಇನ್ನೊಂದಿದೆ. ಕನ್ನಡದ ಆ ಮೊದಲ ಪತ್ರಿಕೆ ವರ್ಷ ತುಂಬುವುದರೊಳಗೆ ಮಂಗಳೂರು ಬಿಟ್ಟಿತು. 1844ರಲ್ಲಿ ‘ಕನ್ನಡ ಸಮಾಚಾರ’ ಎಂಬ ಹೊಸ ಹೆಸರಿನಲ್ಲಿ ಬಳ್ಳಾರಿಯಲ್ಲಿ ಅಚ್ಚಾಯಿತು.

ಆ ಕಾಲದ ಬಳ್ಳಾರಿ ಆಂಧ್ರದ ಗಡಿಯಲ್ಲಿರುವ ಕನ್ನಡಿಗರಾದ ನಮಗೆ ಪರ ಊರಲ್ಲ. ಅನಂತಪುರ ಜಿಲ್ಲೆ ಬೇರೆಯಾದದ್ದು 1882ರಲ್ಲಿ. ಅಲ್ಲಿಯವರೆಗೆ ಮಡಕಶಿರಾ, ಅಮರಾಪುರ, ಪೆನುಕೊಂಡೆ ಎಲ್ಲವೂ ಬಳ್ಳಾರಿ ಜಿಲ್ಲೆಗೇ ಸೇರಿದ್ದವು. ರಾಯದುರ್ಗವಂತೂ 1953ರಲ್ಲಿ ಆಂಧ್ರ ರಾಜ್ಯ ಹುಟ್ಟುವವರೆಗೆ ಬಳ್ಳಾರಿಯ ತಾಲ್ಲೂಕಾಗಿಯೇ ಇತ್ತು. ಅಂದರೆ ಕನ್ನಡದ ಮೊದಲ ಪತ್ರಿಕೆ ತನ್ನ ಎರಡನೆಯ ಮನೆ ಹೂಡಿದ್ದು ನಮ್ಮದೇ ಜಿಲ್ಲಾ ಕೇಂದ್ರದಲ್ಲಿ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಎಂದು ಬದುಕುವ ಈ ಗಡಿನಾಡಿನವರು ಆ ಕಥೆಯನ್ನು ದೂರದ ಕರಾವಳಿಯ ಕಥೆಯೆಂದು ಬಿಟ್ಟುಕೊಡಬಾರದು. ಅದರಲ್ಲಿ ನಮಗೂ ಪಾಲಿದೆ.

ಕಥೆ ಶುರುವಾಗುವುದು ತೀರ ಚಿಕ್ಕದಾಗಿ. 1834ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ಊರಿನ ಮಿಶನ್ ಸಂಸ್ಥೆ ಕಳಿಸಿದ ಮೂವರು ಕಲ್ಲಿಕೋಟೆಯಲ್ಲಿ ಹಡಗಿನಿಂದಿಳಿದು ಮಂಗಳೂರಿಗೆ ಬಂದರು: ಸಾಮ್ಯುವೆಲ್ ಹೆಬಿಕ್, ಲೇನರ್, ಗ್ರೈನರ್. ಎರಡು ವರ್ಷಗಳ ನಂತರ ಮೊಗ್ಲಿಂಗ್ ಬಂದು ಕೂಡಿಕೊಂಡರು. ಶಾಲೆ ತೆರೆದರು, ಪಾಠಕ್ಕೆ ಪುಸ್ತಕ ಬೇಕಾಯಿತು. ಕನ್ನಡದಲ್ಲಿ ಅಚ್ಚಾದ ಪುಸ್ತಕಗಳೇ ಆಗ ಬೆರಳೆಣಿಕೆಯಷ್ಟು. ಬೈಬಲ್ಲಿನ ಭಾಗಗಳು, ವಿಲಿಯಂ ಕೇರಿ 1817ರಲ್ಲಿ ಸೆರಾಂಪುರದಲ್ಲಿ ಅಚ್ಚು ಹಾಕಿಸಿದ ವ್ಯಾಕರಣ, ಬಳ್ಳಾರಿ ಮಿಶನ್ನಿನ ವಿಲಿಯಂ ರೀವ್ ಮದ್ರಾಸಿನಲ್ಲಿ ಅಚ್ಚು ಮಾಡಿಸಿದ ನಿಘಂಟುಗಳು, ಹೀಗೆ. ಓದಿಸಬೇಕಾದರೆ ತಾವೇ ಅಚ್ಚು ಹಾಕಬೇಕು ಎಂಬ ತೀರ್ಮಾನಕ್ಕೆ ಬಂದರು. 1841ರಲ್ಲಿ ಗಾಡ್‌ಫ್ರೀಡ್ ವೈಗ್ಲೆ ಮುಂಬಯಿಯಿಂದ ಕಲ್ಲಚ್ಚಿನ ಯಂತ್ರವೊಂದನ್ನು ತಂದರು. ಮಂಗಳೂರಿನ ಬಲ್ಮಠದಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯದ ಹುಟ್ಟು ಅಷ್ಟೇ: ಒಂದು ಯಂತ್ರ, ಕೆಲವು ಕಲ್ಲುಗಳು, ಕೈಬೆರಳಲ್ಲಿ ಎಣಿಸುವಷ್ಟು ಜನ.

ಸೀಸದ ಮೊಳೆ ಬಿಟ್ಟು ಕಲ್ಲಚ್ಚನ್ನೇ ಯಾಕೆ ಆರಿಸಿದರು ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಇಂಗ್ಲಿಷಿಗೆ ದೊಡ್ಡಕ್ಷರ ಸಣ್ಣಕ್ಷರ ಸೇರಿ ಐವತ್ತು ಚಿಲ್ಲರೆ ಮೊಳೆ ಸಾಕು. ಕನ್ನಡಕ್ಕೆ ಗುಣಿತಾಕ್ಷರಗಳು ಬೇಕು, ಮೇಲಿಂದ ಕೆಳಗೆ ಇಳಿಯುವ ಒತ್ತಕ್ಷರಗಳು ಬೇಕು. ನೂರಾರು ಮೊಳೆಗಳಿಲ್ಲದೆ ಒಂದು ಪುಟ ಕೂಡಿಸಲಾಗದು. ಅವನ್ನು ಕೊರೆಸಿ ಎರಕ ಹೊಯ್ಯಿಸುವ ಖರ್ಚು ಸಣ್ಣ ಸಂಸ್ಥೆಯ ಕೈಗೆಟುಕುವಂಥದ್ದಲ್ಲ. ಕಲ್ಲಚ್ಚಿಗೆ ಮೊಳೆಯೇ ಬೇಡ. ಚೆನ್ನಾಗಿ ಬರೆಯುವ ಒಬ್ಬ ಬರಹಗಾರ ಇದ್ದರಾಯಿತು.

ಅದು ನಡೆಯುತ್ತಿದ್ದ ರೀತಿ ಹೀಗೆ. ಸುಣ್ಣಕಲ್ಲಿನ ದಪ್ಪ ಹಲಗೆಯೊಂದನ್ನು ಮರಳು, ನೀರು ಹಾಕಿ ಕನ್ನಡಿಯಂತೆ ನುಣ್ಣಗೆ ಉಜ್ಜುತ್ತಾರೆ. ಬರಹಗಾರ ಜಿಡ್ಡಿನ ಶಾಯಿಯಲ್ಲಿ, ಅಂಟು ಬಳಿದ ಕಾಗದದ ಮೇಲೆ ಪುಟವನ್ನು ಮಾಮೂಲಿನಂತೆ ಬರೆಯುತ್ತಾನೆ. ಆ ಕಾಗದವನ್ನು ಕಲ್ಲಿನ ಮೇಲೆ ಮಗುಚಿ ಒತ್ತಿದರೆ ಅಕ್ಷರಗಳು ತಿರುವುಮುರುವಾಗಿ ಕಲ್ಲಿಗಿಳಿಯುತ್ತವೆ. ನಂತರ ಗೋಂದು ಬೆರೆಸಿದ ದ್ರವ ಸವರಿ, ಕಲ್ಲನ್ನು ನೀರಿನಿಂದ ಒದ್ದೆ ಮಾಡಿ ಶಾಯಿಯ ಉರುಳೆ ಆಡಿಸುತ್ತಾರೆ. ನೀರಿಗೂ ಜಿಡ್ಡಿಗೂ ಆಗಿಬಾರದು. ಹಾಗಾಗಿ ಶಾಯಿ ಅಕ್ಷರಕ್ಕೆ ಮಾತ್ರ ಹತ್ತುತ್ತದೆ, ಬರಿ ಕಲ್ಲಿಗೆ ಹತ್ತದು. ಕಾಗದ ಹಾಸಿ ಒತ್ತಿದರೆ ಒಂದು ಪ್ರತಿ ಸಿದ್ಧ. ಇನ್ನೊಂದು ಪ್ರತಿ ಬೇಕೆಂದರೆ ಮತ್ತೆ ನೀರು, ಮತ್ತೆ ಶಾಯಿ, ಮತ್ತೆ ಒತ್ತು. ಕೆಲಸ ಮುಗಿದ ಮೇಲೆ ಕಲ್ಲನ್ನು ಮತ್ತೆ ಉಜ್ಜಿ ಅಕ್ಷರ ಅಳಿಸಿ ಬೇರೆ ಪುಟಕ್ಕೆ ಬಳಸುತ್ತಾರೆ. ನಿನ್ನೆ ಪತ್ರಿಕೆ ಇದ್ದ ಕಲ್ಲಿನ ಮೇಲೆ ನಾಳೆ ಗಾದೆಗಳು ಬರುತ್ತವೆ. ಈ ಪುಟಗಳನ್ನು ನೋಡಿದರೆ ಓಲೆಗರಿ, ಕಡತಗಳ ಕನ್ನಡ ಬರಹ ಹಾಗೆಯೇ ಕಾಗದಕ್ಕೆ ಬಂದಂತೆ ಕಾಣುತ್ತದೆ. ಆ ಬರಹಗಾರರ ಹೆಸರು ಪುಸ್ತಕಗಳ ಮೇಲೆ ಇಲ್ಲ. ಕನ್ನಡದ ಮೊದಲ ಪತ್ರಿಕೆ ಅವರ ಕೈಬರಹದಲ್ಲಿದೆ ಎಂಬ ಮಾತನ್ನಾದರೂ ಇಲ್ಲಿ ದಾಖಲಿಸಬೇಕು.

ಪತ್ರಿಕೆ ಪಾಕ್ಷಿಕವಾಗಿತ್ತು, ನಾಲ್ಕು ಪುಟದ್ದು. ಮೊಗ್ಲಿಂಗ್ ಬರಿಯ ಧರ್ಮಬೋಧೆಯಿಂದ ಅದನ್ನು ತುಂಬಲಿಲ್ಲ. ಊರಿನ ವರ್ತಮಾನ, ಸರ್ಕಾರದ ನಿರೂಪಗಳು, ಬೇರೆ ಬೇರೆ ರಾಜ್ಯಗಳ ಸುದ್ದಿ, ಕಥೆ, ಬುದ್ಧಿಮಾತು ಎಲ್ಲಕ್ಕೂ ಜಾಗ ಕೊಟ್ಟರು. ಮಿಶನ್ ನಡೆಸುವ ಪತ್ರಿಕೆ ಎಂದಾಗ ನಾವು ಊಹಿಸಿಕೊಳ್ಳುವುದಕ್ಕಿಂತ ಅದು ಎಷ್ಟೋ ಅಗಲವಾಗಿತ್ತು.

ಆದರೆ ಕಲ್ಲಚ್ಚಿಗೆ ಅದರದೇ ಮಿತಿಯಿತ್ತು. ಪ್ರತಿಗಳು ನಿಧಾನವಾಗಿ ಬರುತ್ತವೆ, ಹೆಚ್ಚು ತೆಗೆದಷ್ಟೂ ಅಕ್ಷರ ಮಸುಕಾಗುತ್ತದೆ. ಓದುಗರು ಹೆಚ್ಚಿದಾಗ ಮೊಗ್ಲಿಂಗ್ ಬಳ್ಳಾರಿಯತ್ತ ನೋಡಿದರು. ಅಲ್ಲಿ ಲಂಡನ್ ಮಿಶನ್ನಿನವರ ಕೆಲಸ ಆಗಲೇ ಮೂರು ದಶಕ ದಾಟಿತ್ತು. ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಕನ್ನಡ ಕಲಿತು, ಪಂಡಿತರ ಜೊತೆ ಕೂತು ವರ್ಷಗಟ್ಟಲೆ ದುಡಿದು, 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದಿದ್ದರು. ಬಳ್ಳಾರಿಯ ಮಿಶನ್ ಮುದ್ರಣಾಲಯದಲ್ಲಿ ಕನ್ನಡದ ಅಚ್ಚುಮೊಳೆಗಳಿದ್ದವು. ಪತ್ರಿಕೆ ಅಲ್ಲಿಗೆ ಹೋದಮೇಲೆ ‘ಮಂಗಳೂರ’ ಎಂಬ ಊರ ಹೆಸರು ಬಿಟ್ಟು ‘ಕನ್ನಡ’ ಎಂಬ ನುಡಿಯ ಹೆಸರು ತೊಟ್ಟುಕೊಂಡದ್ದು ನನಗೆ ಬಹಳ ದೊಡ್ಡ ಹೆಜ್ಜೆಯಾಗಿ ಕಾಣುತ್ತದೆ. ಕರಾವಳಿ ಮದ್ರಾಸಿನವರದು, ಬಳ್ಳಾರಿಯೂ ಮದ್ರಾಸಿನವರದು, ನಡುವೆ ಮೈಸೂರು ಬೇರೆ, ಧಾರವಾಡ ಮುಂಬಯಿಯವರದು. ಹೀಗೆ ಹರಿದು ಹಂಚಿಹೋದ ಕಾಲದಲ್ಲಿ ಒಂದು ಪತ್ರಿಕೆ ಎಲ್ಲ ಕನ್ನಡಿಗರನ್ನೂ ಒಟ್ಟಿಗೆ ಓದುಗರೆಂದು ಕಂಡಿತು. ಬಳ್ಳಾರಿಯಲ್ಲಿ ಅದು ಹೆಚ್ಚು ಕಾಲ ಬಾಳಲಿಲ್ಲ. ಆದರೂ ಆ ದಾರಿ ತೆರೆದದ್ದು ಅಲ್ಲಿಂದಲೇ.

ಇತ್ತ ಮಂಗಳೂರಿನಲ್ಲಿ ಕಲ್ಲುಗಳು ಖಾಲಿ ಕೂರಲಿಲ್ಲ. ನೀಲಗಿರಿಯಲ್ಲಿ ನೆಲೆಸಿದ್ದ ಕ್ಯಾಸಮೇಜರ್ ಎಂಬ ಅಧಿಕಾರಿ ಹಣ ಕೊಡಲು ಮುಂದೆ ಬಂದರು. ಮೊಗ್ಲಿಂಗ್ ಆ ಹಣದಲ್ಲಿ ‘ಬಿಬ್ಲಿಯೋಥಿಕಾ ಕರ್ನಾಟಕ’ ಎಂಬ ಮಾಲೆ ಆರಂಭಿಸಿದರು. ಅದರಲ್ಲಿ ಬಂದದ್ದೇನು? ಜೈಮಿನಿ ಭಾರತ, ಬಸವ ಪುರಾಣ, ಕನ್ನಡ ಗಾದೆಗಳು, 1850ರಲ್ಲಿ ದಾಸರ ಪದಗಳು. ಪುರಂದರ, ಕನಕರ ಹಾಡುಗಳು ಭಜನೆಯ ಬಾಯಿಂದ, ಕೈಬರಹದ ಪುಸ್ತಕಗಳಿಂದ ಅಚ್ಚಿನ ಸಂಕಲನಕ್ಕೆ ಬಂದದ್ದು ಅದೇ ಮೊದಲು. ಕ್ರೈಸ್ತ ಪಾದ್ರಿಯೊಬ್ಬರು ವೀರಶೈವ ಪುರಾಣವನ್ನೂ ಹರಿದಾಸರ ಪದಗಳನ್ನೂ ಅಚ್ಚು ಹಾಕಿದರು. ಜನರ ಮನಸ್ಸನ್ನು ಅರಿಯದೆ ಅವರಿಗೆ ಏನನ್ನೂ ಹೇಳಲಾಗದು ಎಂಬ ಲೆಕ್ಕ ಅದರ ಹಿಂದೆ ಇದ್ದೇ ಇತ್ತು. ಮತಪ್ರಚಾರದ ಉದ್ದೇಶವನ್ನು ಅವರು ಎಂದೂ ಮುಚ್ಚಿಡಲಿಲ್ಲ. ಆದರೆ ಬರಿಯ ಲೆಕ್ಕದಿಂದ ಇಷ್ಟು ಕೆಲಸ ಆಗುವುದಿಲ್ಲ. ಆ ಸಾಹಿತ್ಯದ ಮೇಲೆ ಅವರಿಗೆ ನಿಜವಾದ ಪ್ರೀತಿ ಹುಟ್ಟಿತ್ತು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಮೊಗ್ಲಿಂಗರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಮೊಳೆಗಳ ಕಾಲ ಮಂಗಳೂರಿಗೆ ಬಂದದ್ದು ಗಿಯೋರ್ಗ್ ಪ್ಲೆಬ್ಸ್ಟ್ ಎಂಬ ಕುಶಲಕರ್ಮಿಯ ಕೈಯಲ್ಲಿ. 1851ರಲ್ಲಿ ಬಂದ ಅವರು ಮುಂದೆ ಯುರೋಪಿಗೆ ಹಿಂದಿರುಗಿದಾಗ ಕನ್ನಡ, ಮಲಯಾಳಂ ಅಚ್ಚುಮೊಳೆಗಳನ್ನು ಹೊಸದಾಗಿ ತಿದ್ದಿ ಎರಕ ಹೊಯ್ಯಿಸಿ ತಂದರು. ಮಂಗಳೂರು ಹಂಚನ್ನು ನಮಗೆ ಕೊಟ್ಟವರೂ ಅವರೇ. 1865ರಲ್ಲಿ ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆ ಅವರಿಂದಲೇ ಶುರುವಾಯಿತು. ಪ್ಲೆಬ್ಸ್ಟ್ ಹೆಸರು ಪಠ್ಯಪುಸ್ತಕಗಳಲ್ಲಿ ಇಲ್ಲದಿರುವುದು ದೊಡ್ಡ ಕೊರತೆ.

ಆ ಮೊಳೆಗಳಲ್ಲಿ ಬಂದದ್ದನ್ನು ಪಟ್ಟಿ ಮಾಡುತ್ತ ಕೂತರೆ ಪುಟ ಸಾಲದು. ಅದೇ ಮಿಶನ್ನಿನ ಗುಂಡರ್ಟರ ಮಲಯಾಳಂ ನಿಘಂಟು 1872ರಲ್ಲಿ, ಮೆನ್ನರರ ತುಳು ನಿಘಂಟು 1886ರಲ್ಲಿ, ಕೊನೆಗೆ 1894ರಲ್ಲಿ ಫರ್ಡಿನಾಂಡ್ ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು. 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಪದ. ಒಂದೊಂದು ಪುಟದಲ್ಲೂ ಕನ್ನಡ, ರೋಮನ್ ಅಕ್ಷರಗಳು, ಚುಕ್ಕೆ ಗೆರೆಗಳ ಗುರುತುಗಳು ಬೆರೆತಿವೆ. ಕೈಯಿಂದ ಮೊಳೆ ಆಯ್ದು ಜೋಡಿಸುತ್ತಿದ್ದ ಕಾಲದಲ್ಲಿ ಇಂಥ ಪುಸ್ತಕವನ್ನು ಮಂಗಳೂರಿನ ಕೆಲಸಗಾರರು ಮಾಡಿ ಮುಗಿಸಿದರು. ಅಂದು ಒಂದೇ ಕಲ್ಲಚ್ಚಿನಿಂದ ಹೊರಟ ಸಂಸ್ಥೆ ಅರ್ಧ ಶತಮಾನದಲ್ಲಿ ತಲುಪಿದ್ದ ಎತ್ತರ ಅದು.

ಇಪ್ಪತ್ತನೆಯ ಶತಮಾನದಲ್ಲಿ ಯಂತ್ರಗಳು ಬದಲಾದವು, ಅಚ್ಚಿನ ಜೊತೆಗೆ ದನಿಯೂ ಸೇರಿತು. 1939ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಜಾಯ್ ರಿಡರ್‌ಹಾಫ್ ಎಂಬ ಮಹಿಳೆ ಗಾಸ್ಪೆಲ್ ರೆಕಾರ್ಡಿಂಗ್ಸ್ ಎಂಬ ಪುಟ್ಟ ಕೆಲಸ ಆರಂಭಿಸಿದರು. ಅದರ ಭಾರತ ಶಾಖೆ ಬೆಂಗಳೂರಿನಲ್ಲಿದೆ. ಓದು ಬಾರದ ಊರುಗಳಿಗೆ ಅವರ ಮಾತಿನಲ್ಲೇ, ಅವರ ಊರಿನವರ ದನಿಯಲ್ಲೇ ಬೈಬಲ್ ಕಥೆ ತಲುಪಿಸುವುದು ಅದರ ಉದ್ದೇಶ. ದುಭಾಷಿ ಒಂದೊಂದೇ ವಾಕ್ಯ ಹೇಳುತ್ತಾನೆ, ಊರಿನವನು ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳುತ್ತಾನೆ, ಆಮೇಲೆ ತುಂಡುಗಳನ್ನು ಜೋಡಿಸುತ್ತಾರೆ. ಕರೆಂಟಿಲ್ಲದ ಹಳ್ಳಿಗಳಿಗೆಂದು ಅವರು ರಟ್ಟಿನ ಹಾಳೆಯ ಗ್ರಾಮಾಫೋನನ್ನೇ ಮಾಡಿದರು. ಮಡಿಸಿ ನಿಲ್ಲಿಸಿದ ರಟ್ಟು, ಅದಕ್ಕೊಂದು ಮುಳ್ಳು. ತಟ್ಟೆಯ ತೂತಿಗೆ ಪೆನ್ಸಿಲ್ ಇಟ್ಟು ಕೈಯಿಂದ ತಿರುಗಿಸಿದರೆ ದನಿ ಬರುತ್ತದೆ. ಬ್ಯಾಟರಿ ಬೇಡ, ಸ್ಪ್ರಿಂಗ್ ಬೇಡ. ಮುಂದೆ ಕೈಯಲ್ಲಿ ತಿರುಗಿಸುವ ಕ್ಯಾಸೆಟ್ ಯಂತ್ರ ಬಂತು, ಈಗ ಅದೇ ಧ್ವನಿಮುದ್ರಣಗಳು ಮೊಬೈಲ್ ಆ್ಯಪ್‌ನಲ್ಲಿ ಸಿಗುತ್ತವೆ. 1970ರಲ್ಲಿ ಹಿಂದೂ ಮಹಾಸಾಗರದ ಸೀಶೆಲ್ಸ್ ದ್ವೀಪಗಳಿಂದ ಫೀಬಾ ಎಂಬ ಕ್ರೈಸ್ತ ರೇಡಿಯೋದ ಪ್ರಸಾರ ಶುರುವಾದಾಗ ಭಾರತದ ಭಾಷೆಗಳು ಶಾರ್ಟ್‌ವೇವ್‌ನಲ್ಲಿ ಹರಿದುಬಂದವು. ಮಂಗಳೂರಿನ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಸಮುದಾಯ ಬಾನುಲಿ ರೇಡಿಯೋ ಸಾರಂಗ್ 107.8 ಎಫ್‌ಎಂನಲ್ಲಿ ಇಂದು ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲ ಕೇಳಿಬರುತ್ತವೆ.

ಕಲ್ಲು, ಮೊಳೆ, ತಟ್ಟೆ, ಬಾನುಲಿ, ಯಾವುದೇ ಇರಲಿ, ಇವರಲ್ಲಿ ಗೆದ್ದವರು ಹೊಸ ಯಂತ್ರ ಕೊಂಡವರಲ್ಲ. ಯಂತ್ರ ಬಂದ ದಿನವೇ ಊರಿನ ಮಾತಿಗೆ ಕಿವಿಗೊಟ್ಟವರು. ಇದನ್ನು ನಾನು ಗಡಿನಾಡಿನ ಯುವಕರಿಗೆ, ಅದರಲ್ಲೂ ಚರ್ಚುಗಳಲ್ಲಿ ಹಾಡು, ಕಿರುಚಿತ್ರ ಮಾಡಿ ಮೊಬೈಲಿನಲ್ಲಿ ಹಂಚುತ್ತಿರುವವರಿಗೆ ಒತ್ತಿ ಹೇಳಬಯಸುತ್ತೇನೆ. ನಿಮ್ಮ ಕೈಯಲ್ಲಿರುವ ಫೋನು ವೈಗ್ಲೆ ತಂದ ಯಂತ್ರಕ್ಕಿಂತ ಎಷ್ಟೋ ಪಾಲು ದೊಡ್ಡ ಮುದ್ರಣಾಲಯ. ಬೆಂಗಳೂರಿನ, ಹೈದರಾಬಾದಿನ ಹಾಡುಗಳ ನಕಲು ಅದರಲ್ಲಿ ಬೇಡ. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ ನಮ್ಮ ಅಮರಾಪುರ ಮಂಡಲದ್ದೇ. ಅಲ್ಲಿಂದ ರಾಯದುರ್ಗದವರೆಗೆ ಅಜ್ಜಿಯರ ಬಾಯಲ್ಲಿ ತೆಲುಗಿನ ಪದಗಳನ್ನು ಒಳಗೆ ಸೇರಿಸಿಕೊಂಡೇ ಬಾಳುವ ಕನ್ನಡವೊಂದಿದೆ. ಸೋಬಾನೆ ಪದ, ಕೋಲಾಟದ ಪದ, ಗಾದೆ, ಒಗಟು, ಎಲ್ಲವೂ ಆ ಕನ್ನಡದಲ್ಲಿವೆ. ಕ್ರೈಸ್ತರಿರಲಿ, ಲಿಂಗಾಯತರಿರಲಿ, ಮುಸಲ್ಮಾನರಿರಲಿ, ಯಾರ ಮನೆಯದಾದರೂ ಸರಿ, ಮೊದಲು ಅದನ್ನು ರೆಕಾರ್ಡ್ ಮಾಡಿ. ಹಾಡಿದವರ ಹೆಸರು, ಊರು, ತಾರೀಖು ತಪ್ಪದೆ ಬರೆದಿಡಿ.

ಹಳೆಯ ಪೆಟ್ಟಿಗೆಗಳಲ್ಲಿ ಮಿಶನ್ ಅಚ್ಚಿನ ಕೀರ್ತನೆ ಪುಸ್ತಕ, ಪಂಚಾಂಗ, ಶಾಲಾ ಪುಸ್ತಕ ಸಿಕ್ಕರೆ ರದ್ದಿಗೆ ಹಾಕಬೇಡಿ. ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನಲ್ಲಿ ಇಂಥವನ್ನು ಕಾಪಿಡುವ ಪತ್ರಾಗಾರವಿದೆ. ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗುಂಡರ್ಟ್ ಪೋರ್ಟಲ್‌ನಲ್ಲಿ ಆ ಕಾಲದ ಕನ್ನಡ, ತುಳು ಪುಸ್ತಕಗಳ ಪುಟಗಳಿವೆ. ಫೋನಿನಲ್ಲೇ ತೆರೆಯಬಹುದು, ದುಡ್ಡು ಕೊಡಬೇಕಿಲ್ಲ. ಈ ಭಾನುವಾರ ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು ಅದರಲ್ಲಿ ಒಂದು ಕಲ್ಲಚ್ಚಿನ ಪುಟ ಓದಿಸಿ.