ಕಂಪನಿಯ ಜಾತಕ ಓದೋಕೆ ಎಂಬಿಎ ಬೇಕಿಲ್ಲ

'ಊರಲ್ಲಿ ಜಮೀನು ಕೇಳ್ತಿರೋ ಕಂಪನಿ ಯಾರದ್ದು?' ಅಂತ ಯಾರಾದರೂ ಲೈಬ್ರರಿಗೆ ಬಂದರೆ, 'ನಮಗೆ ಬಿಸಿನೆಸ್ ಗೊತ್ತಿಲ್ಲ' ಎಂದು ಲೈಬ್ರರಿಯನ್ ಕೈಚೆಲ್ಲಬೇಕಿಲ್ಲ.

ಪುಸ್ತಕಕ್ಕೆ ಕಾಲ್ ನಂಬರ್ ಇದ್ದಂತೆ ಕಂಪನಿಗೆ ಸಿಐಎನ್ ಇರುತ್ತೆ; ಅಕ್ಷರ, ಅಂಕಿ ಸೇರಿ ಒಟ್ಟು 21. ಮೊದಲಕ್ಷರ 'ಎಲ್' ಆದರೆ ಕಂಪನಿ ಷೇರುಪೇಟೆಯಲ್ಲಿದೆ, 'ಯು' ಆದರೆ ಇಲ್ಲ. ನಂತರ ಉದ್ಯಮದ ಕೋಡ್, ರಾಜ್ಯ, ನೋಂದಣಿಯಾದ ವರ್ಷ. 2023ರಲ್ಲಿ ಹುಟ್ಟಿದ ಕಂಪನಿ '20 ವರ್ಷದ ಅನುಭವ' ಅಂದರೆ ಪ್ರಶ್ನೆ ಅಲ್ಲೇ ಶುರು.

'ಎಲ್' ಕಂಪನಿಗಳ ವಾರ್ಷಿಕ ವರದಿ ಷೇರುಪೇಟೆಯ ಜಾಲತಾಣದಲ್ಲಿ ಪುಕ್ಕಟೆ. 'ಯು' ಆದರೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ನಿರ್ದೇಶಕರು ಯಾರೆಂದು ಹುಡುಕಿ. ಶುಲ್ಕ ಕಟ್ಟಿದರೆ ಬ್ಯಾಲೆನ್ಸ್ ಶೀಟ್ ಕೂಡ ನೋಡಬಹುದು.

ನೆನಪಿರಲಿ, ಅಲ್ಲಿರೋದು ಬಹುಪಾಲು ಕಂಪನಿಯೇ ಸಲ್ಲಿಸಿದ ಲೆಕ್ಕ. ನೋಂದಣಿ ಅಂದ್ರೆ ಪ್ರಾಮಾಣಿಕತೆಯ ಸರ್ಟಿಫಿಕೇಟ್ ಅಲ್ಲ. ಆದರೆ ಗ್ರಾಮಸಭೆಯಲ್ಲಿ ಪ್ರಶ್ನೆ ಕೇಳೋಕೆ ಕೈಯಲ್ಲಿ ಕಾಗದವಂತೂ ಇರುತ್ತೆ.